ಧರ್ಮಶಾಸ್ತ್ರದ ಬೆಲೆ, ಪ್ರೀತಿಯ ಹೊಣೆ: ಮಂಗಳೂರಿನ ಕ್ರೈಸ್ತ ಇತಿಹಾಸದ ಒಂದು ಪಾಠ

ಧರ್ಮಗಳ ಕುರಿತ ಉಪನ್ಯಾಸಗಳಲ್ಲಿ, ವಿಚಾರಗೋಷ್ಠಿಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. ಕ್ರೈಸ್ತ ಧರ್ಮ ಪ್ರೀತಿಯ ಧರ್ಮ, ಯಹೂದಿ ಧರ್ಮ ಮತ್ತು ಇಸ್ಲಾಮ್ ಕಾನೂನಿನ ಧರ್ಮಗಳು ಎಂಬುದೇ ಆ ಮಾತು. ಇದನ್ನು ಕೆಲವು ಕ್ರೈಸ್ತರು ಹೆಮ್ಮೆಯಿಂದ ಹೇಳುತ್ತಾರೆ. ಕೆಲವು ಮುಸ್ಲಿಮರು ಇದನ್ನೇ ತಿರುಗಿಸಿ, ಕ್ರೈಸ್ತರು ಪ್ರೀತಿಯ ಹೆಸರಿನಲ್ಲಿ ದೇವರ ಕಾನೂನನ್ನೇ ಕೈಬಿಟ್ಟರು ಎಂದು ಆಕ್ಷೇಪಿಸುತ್ತಾರೆ. ಒಂದು ಹೊಗಳಿಕೆ, ಇನ್ನೊಂದು ತೆಗಳಿಕೆ. ಆದರೆ ಎರಡೂ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಪ್ರೀತಿ ಮತ್ತು ಕಾನೂನು ಒಂದು ಮನೆಯಲ್ಲಿ ವಾಸಿಸಲಾರವು ಎಂಬ ನಂಬಿಕೆ.

ಈ ನಂಬಿಕೆ ಎಷ್ಟು ಗಟ್ಟಿ ಎಂದು ಪರೀಕ್ಷಿಸಲು ನಾವು ರೋಮ್‌ಗಾಗಲಿ ಯೆರೂಸಲೇಮ್‌ಗಾಗಲಿ ಹೋಗಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಮಂಗಳೂರಿನಲ್ಲಿ ಒಂದು ಕ್ರೈಸ್ತ ಸಮುದಾಯ ದೇವರ ಆಜ್ಞೆಯ ಹೆಸರಿನಲ್ಲಿ ಬಡವರ ಬದುಕಿನ ದಾರಿಯೊಂದನ್ನು ಮುಚ್ಚಿತು. ಮುಚ್ಚಿದ ಮೇಲೆ ಅವರಿಗೆ ಬೇರೆ ದಾರಿ ತೆರೆಯುವ ಹೊಣೆಯೂ ಅದರ ತಲೆಯ ಮೇಲೆ ಬಿತ್ತು. ನಮ್ಮ ಮನೆಗಳ ಮಾಡಿನ ಮೇಲಿರುವ ಕೆಂಪು ಹಂಚಿಗೂ ಈ ಕಥೆಗೂ ಹತ್ತಿರದ ನಂಟಿದೆ.

ಮುಟ್ಟಿದ ಕೈ, ಕಳುಹಿಸಿದ ಮಾತು

ಮೊದಲು ಕ್ರೈಸ್ತರ ಮೂಲ ಗ್ರಂಥಗಳು ಏನು ಹೇಳುತ್ತವೆ ಎಂದು ನೋಡೋಣ. ಧರ್ಮಶಾಸ್ತ್ರದಲ್ಲಿ ಅತ್ಯಂತ ದೊಡ್ಡ ಆಜ್ಞೆ ಯಾವುದು ಎಂದು ಯೇಸುವನ್ನು ಒಬ್ಬರು ಕೇಳಿದ ಪ್ರಸಂಗ ಸುವಾರ್ತೆಗಳಲ್ಲಿದೆ. ದೇವರನ್ನು ಪೂರ್ಣ ಮನಸ್ಸಿನಿಂದ ಪ್ರೀತಿಸುವುದು ಮೊದಲನೆಯದು, ನೆರೆಯವನನ್ನು ತನ್ನಂತೆಯೇ ಪ್ರೀತಿಸುವುದು ಎರಡನೆಯದು ಎಂದು ಅವರು ಉತ್ತರಿಸುತ್ತಾರೆ. ಈ ಎರಡೂ ಅವರು ಹೊಸದಾಗಿ ಹುಟ್ಟುಹಾಕಿದ ಮಾತುಗಳಲ್ಲ. ಒಂದು ತೌರಾತಿನ ಧರ್ಮೋಪದೇಶಕಾಂಡದಲ್ಲಿದೆ, ಇನ್ನೊಂದು ಯಾಜಕಕಾಂಡದಲ್ಲಿದೆ. ಅಂದರೆ ಪ್ರೀತಿಯ ಆಜ್ಞೆ ಧರ್ಮಶಾಸ್ತ್ರದ ಒಳಗೇ ಇತ್ತು. ತಾನು ಧರ್ಮಶಾಸ್ತ್ರವನ್ನು ರದ್ದುಮಾಡಲು ಬಂದವನಲ್ಲ ಎಂದೂ ಅವರು ಗಿರಿಪ್ರಸಂಗದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ.

ಕುಷ್ಠರೋಗಿಯೊಬ್ಬನ ಪ್ರಸಂಗ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಯಾಜಕಕಾಂಡದ ಪ್ರಕಾರ ಕುಷ್ಠ ತಗುಲಿದವನು ಊರ ಹೊರಗೆ ಇರಬೇಕು. ಅಂಥ ಒಬ್ಬನು ಬಳಿಗೆ ಬಂದಾಗ ಯೇಸು ಕೈಚಾಚಿ ಅವನನ್ನು ಮುಟ್ಟುತ್ತಾರೆ. ಗುಣವಾದ ಮೇಲೆ ಅವನಿಗೆ ಹೇಳುವ ಮಾತು ಗಮನಾರ್ಹವಾದುದು: ಹೋಗಿ ಯಾಜಕನಿಗೆ ಮೈ ತೋರಿಸು, ಮೂಸಾ ವಿಧಿಸಿದ ಕಾಣಿಕೆಯನ್ನು ಒಪ್ಪಿಸು. ಮುಟ್ಟಿದಾಗ ಅವರು ಜನ ಹಾಕಿಕೊಂಡಿದ್ದ ಗೆರೆಯನ್ನು ದಾಟಿದರು. ಯಾಜಕನ ಬಳಿಗೆ ಕಳುಹಿಸಿದಾಗ ಕಾನೂನಿಗೆ ಅದರ ಗೌರವವನ್ನು ಕೊಟ್ಟರು. ಏಕೆಂದರೆ ಯಾಜಕನು ಶುದ್ಧನೆಂದು ಸಾರಿದರೆ ಮಾತ್ರ ಆ ಮನುಷ್ಯ ಮತ್ತೆ ತನ್ನ ಮನೆ ಸೇರಬಹುದಿತ್ತು. ಪ್ರವಾದಿ ಈಸಾ(ಅ) ಅವರು ಅಲ್ಲಾಹನ ಅಪ್ಪಣೆಯಿಂದ ಕುಷ್ಠರೋಗಿಗಳನ್ನು ಗುಣಪಡಿಸುತ್ತಿದ್ದರೆಂದು ಕುರ್‌ಆನ್ ಕೂಡಾ ಹೇಳುತ್ತದೆ. ಅವರು ತೌರಾತನ್ನು ದೃಢೀಕರಿಸಿದವರು, ಜೊತೆಗೆ ಜನರ ಮೇಲಿದ್ದ ಕೆಲವು ನಿಷೇಧಗಳನ್ನು ಸಡಿಲಿಸಿದವರು ಎಂಬುದೂ ಕುರ್‌ಆನಿನ ನಿಲುವೇ.

ಮುಂದೆ ಯಹೂದಿಯೇತರರು ಕ್ರೈಸ್ತ ಸಭೆಯನ್ನು ಸೇರತೊಡಗಿದಾಗ ಪ್ರಶ್ನೆ ಹೊಸ ರೂಪದಲ್ಲಿ ಎದ್ದಿತು. ಅವರಿಗೆ ಸುನ್ನತಿ ಕಡ್ಡಾಯವೇ? ಆಹಾರದ ನಿಯಮಗಳು ಅನ್ವಯಿಸುತ್ತವೆಯೇ? ಸುಮಾರು ಕ್ರಿ.ಶ. 49ರಲ್ಲಿ ಯೆರೂಸಲೇಮಿನಲ್ಲಿ ಸೇರಿದ ಸಭೆ ಸುನ್ನತಿಯನ್ನು ಬಿಟ್ಟುಕೊಟ್ಟಿತು. ಆದರೆ ವಿಗ್ರಹಕ್ಕೆ ಅರ್ಪಿಸಿದ್ದನ್ನು, ರಕ್ತವನ್ನು, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯನ್ನು ಮತ್ತು ವ್ಯಭಿಚಾರವನ್ನು ವರ್ಜಿಸಬೇಕೆಂದು ವಿಧಿಸಿತು. ಕಾನೂನಿನಿಂದ ಬಿಡುಗಡೆಯ ಕುರಿತು ಎಲ್ಲರಿಗಿಂತ ಗಟ್ಟಿಯಾಗಿ ಮಾತನಾಡಿದ ಪೌಲನು ಕೂಡಾ ಪ್ರೀತಿಯು ಧರ್ಮಶಾಸ್ತ್ರದ ಪೂರೈಕೆ ಎಂದನೇ ಹೊರತು ಅದರ ಅಂತ್ಯಸಂಸ್ಕಾರ ಎನ್ನಲಿಲ್ಲ. 1517ರ ಬಳಿಕ ಯುರೋಪಿನಲ್ಲಿ ಸುಧಾರಣೆಯ ಬಿರುಗಾಳಿ ಎಬ್ಬಿಸಿದ ಮಾರ್ಟಿನ್ ಲೂಥರ್ ಮನುಷ್ಯನು ಕರ್ಮದಿಂದಲ್ಲ, ವಿಶ್ವಾಸದಿಂದ ರಕ್ಷಣೆ ಪಡೆಯುತ್ತಾನೆ ಎಂದು ಸಾರಿದವರು. ಆದರೂ ಅವರು 1529ರಲ್ಲಿ ಮನೆಮಂದಿಗಾಗಿ ಬರೆದ ಕಿರು ಪ್ರಶ್ನೋತ್ತರ ಪುಸ್ತಕ ಆರಂಭವಾಗುವುದು ಹತ್ತು ಆಜ್ಞೆಗಳಿಂದಲೇ.

ಪ್ರೀತಿಯನ್ನು ಕಳೆದುಕೊಂಡ ಕಾನೂನು ಏನಾಗುತ್ತದೆ ಎಂಬುದನ್ನೂ ನಮ್ಮ ಕರಾವಳಿ ಕಂಡಿದೆ. ಮಂಗಳೂರಿನ ಅನೇಕ ಕಥೊಲಿಕ್ ಕುಟುಂಬಗಳ ಹಿರಿಯರು ಗೋವಾದಿಂದ ಬಂದವರು. ಅಲ್ಲಿ 1560ರಿಂದ 1812ರ ತನಕ, ನಡುವೆ ಕೆಲವು ವರ್ಷ ಬಿಟ್ಟರೆ, ಪೋರ್ಚುಗೀಸರ ಇನ್‌ಕ್ವಿಸಿಶನ್ ನ್ಯಾಯಾಲಯ ನಡೆಯಿತು. 1736ರ ಅದರ ಆಜ್ಞೆ ಕ್ರೈಸ್ತರ ಉಡುಪು, ಮದುವೆಯ ಶಾಸ್ತ್ರಗಳ ಒಳಗೂ ಕೈ ಹಾಕಿತು. ದೇವರ ಹೆಸರಿನಲ್ಲಿಯೇ ನಡೆದ ಆ ಆಡಳಿತದ ಭಯವೂ ಜನ ಗೋವಾ ಬಿಟ್ಟು ಬರಲು ಒಂದು ಕಾರಣವಾಗಿತ್ತು. ಅದೇ ಕಥೊಲಿಕ್ ಪರಂಪರೆಯಿಂದ ಬಂದ ಜೆಸುಯಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಒಂದು ಧರ್ಮ, ಒಂದೇ ಗ್ರಂಥ, ಎರಡು ಬಗೆಯ ಕೈಗಳು.

ಬಾಸೆಲ್‌ನಿಂದ ಬಂದವರು

ನಮ್ಮ ಮುಖ್ಯ ಕಥೆ ಪ್ರೊಟೆಸ್ಟಂಟರದ್ದು. 1815ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಒಂದು ಮಿಶನ್ ಸ್ಥಾಪನೆಯಾಯಿತು. ಬ್ರಿಟಿಷ್ ಪಾರ್ಲಿಮೆಂಟಿನ 1833ರ ಕಾಯಿದೆಯಿಂದಾಗಿ ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷ, 1834ರ ಅಕ್ಟೋಬರಿನಲ್ಲಿ ಸ್ಯಾಮುವೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಹಡಗಿನಿಂದ ಇಳಿದು ಮಂಗಳೂರಿಗೆ ಬಂದರು. 1836ರಲ್ಲಿ ಹೆರ್ಮನ್ ಮೊಗ್ಲಿಂಗ್ ಬಂದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಆರಂಭಿಸಿದ ಮೊಗ್ಲಿಂಗ್ ಮತ್ತು 1894ರಲ್ಲಿ ನಿಘಂಟು ಪ್ರಕಟಿಸಿದ ಕಿಟ್ಟೆಲ್ ಕನ್ನಡಿಗರಿಗೆಲ್ಲ ಪರಿಚಿತರು. ಆದರೆ ಅವರ ಧಾರ್ಮಿಕ ಸ್ವಭಾವದ ಬಗ್ಗೆ ನಾವು ಅಷ್ಟಾಗಿ ಯೋಚಿಸಿದ್ದಿಲ್ಲ.

ಇವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದವರು. ಬಹಳಷ್ಟು ಮಂದಿ ರೈತರ ಮತ್ತು ಕಸುಬುದಾರರ ಮಕ್ಕಳು. ಪಯಟಿಸಮ್ ಎಂಬ ಭಕ್ತಿಪಂಥದಲ್ಲಿ ಬೆಳೆದವರು. ಹೃದಯ ಕರಗದ ಧರ್ಮ ಧರ್ಮವೇ ಅಲ್ಲ ಎಂಬುದು ಆ ಪಂಥದ ಒಂದು ಮುಖ. ಕರಗಿದ ಹೃದಯ ದಿನನಿತ್ಯದ ನಡತೆಯಲ್ಲಿ ಕಾಣಬೇಕು ಎಂಬುದು ಇನ್ನೊಂದು ಮುಖ. ಭಾನುವಾರದ ವಿಶ್ರಾಂತಿ, ಮಿತವ್ಯಯ, ಕುಡಿತದಿಂದ ದೂರವಿರುವುದು, ದುಡಿಮೆ, ಮನೆಯ ಶಿಸ್ತು ಇವೆಲ್ಲ ಅವರಿಗೆ ಭಕ್ತಿಯ ಗುರುತುಗಳಾಗಿದ್ದವು. ಈ ಶಿಸ್ತಿನಿಂದ ಮಿಶನರಿಗಳಿಗೂ ವಿನಾಯಿತಿ ಇರಲಿಲ್ಲ. ಮದುವೆಯಾಗಬೇಕಾದರೆ ಬಾಸೆಲ್‌ನಲ್ಲಿದ್ದ ಸಮಿತಿಯ ಒಪ್ಪಿಗೆ ಪಡೆಯಬೇಕಾಗಿತ್ತು.

ಹೀಗೆ ಪ್ರೀತಿಯ ಸುವಾರ್ತೆ ಸಾರಲು ಬಂದವರ ಇನ್ನೊಂದು ಕೈಯಲ್ಲಿ ನಿಯಮಗಳ ಪಟ್ಟಿಯೂ ಇತ್ತು. ದೀಕ್ಷಾಸ್ನಾನ ಪಡೆಯುವವನು ಜಾತಿಯನ್ನು ಬಿಡಬೇಕು, ಎಲ್ಲರ ಜೊತೆ ಕುಳಿತು ಉಣ್ಣಬೇಕು, ಭೂತಾರಾಧನೆ ಬಿಡಬೇಕು, ಕುಡಿತ ಬಿಡಬೇಕು. ತಪ್ಪಿದವನಿಗೆ ಸಭೆಯ ಶಿಸ್ತುಕ್ರಮ ಕಾದಿರುತ್ತಿತ್ತು. ಪ್ರಭುಭೋಜನದಿಂದ ಹೊರಗಿಡುವುದು, ಪಶ್ಚಾತ್ತಾಪಪಟ್ಟರೆ ಮತ್ತೆ ಸೇರಿಸಿಕೊಳ್ಳುವುದು ಅದರ ಕ್ರಮ.

ಮೂರ್ತೆಯ ಕತ್ತಿ

ತುಳುನಾಡಿನಲ್ಲಿ ಮಿಶನ್ನಿನ ಮಾತಿಗೆ ಓಗೊಟ್ಟವರಲ್ಲಿ ಬಿಲ್ಲವರ ಸಂಖ್ಯೆ ದೊಡ್ಡದು. ಮಂಗಳೂರಿನಲ್ಲಿ, ಮುಲ್ಕಿಯಲ್ಲಿ, ಉಡುಪಿ ಕಡೆಯಲ್ಲಿ ಅವರಿಂದಲೇ ಸಭೆಗಳು ಬೆಳೆದವು. ಬಿಲ್ಲವರಲ್ಲಿ ಒಂದು ದೊಡ್ಡ ಭಾಗದ ಕಸುಬು ಮೂರ್ತೆದಾರಿಕೆ, ಅಂದರೆ ತೆಂಗು ತಾಳೆ ಮರಗಳಿಂದ ಕಳ್ಳು ಇಳಿಸುವುದು. ಅಜ್ಜನಿಂದ ಮೊಮ್ಮಗನಿಗೆ ಕತ್ತಿಯೂ ಕೈಚಳಕವೂ ಜೊತೆಯಾಗಿ ಬರುತ್ತಿದ್ದವು.

ಮಿಶನ್ ಇದಕ್ಕೆ ಒಪ್ಪಲಿಲ್ಲ. ಕುಡಿಯುವುದು ಪಾಪವಾದರೆ ಕುಡಿಸುವ ಕಸುಬೂ ಸಲ್ಲದು ಎಂಬುದು ಅದರ ನಿಲುವು. ಮದ್ಯದ ವಿಷಯದಲ್ಲಿ ಕುಡಿಯುವವನನ್ನು ಮಾತ್ರವಲ್ಲ, ತಯಾರಿಸುವವನನ್ನೂ ಮಾರುವವನನ್ನೂ ಹೊರುವವನನ್ನೂ ದೂಷಿಸಿದ ಪ್ರವಾದಿ ಮುಹಮ್ಮದ್(ಸ)ರ ಬೋಧನೆಯನ್ನು ಬಲ್ಲ ಮುಸ್ಲಿಮ್ ಓದುಗರಿಗೆ ಈ ತರ್ಕ ಅಪರಿಚಿತವಲ್ಲ. ಅದೇ ಊರಿನಲ್ಲಿ ಸರಕಾರ ಅದೇ ಕಳ್ಳಿನಿಂದ ಅಬಕಾರಿ ಆದಾಯ ಎತ್ತುತ್ತಿತ್ತು ಎಂಬುದನ್ನು ನೆನೆದರೆ ಮಿಶನ್ನಿನ ನಿಲುವಿನ ಗಟ್ಟಿತನ ಅರ್ಥವಾಗುತ್ತದೆ.

ಆದರೆ ಆಜ್ಞೆಯನ್ನು ವಿಧಿಸಿದವರು ಒಂದೆಡೆ, ಅದರ ಬೆಲೆ ತೆರುವವನು ಇನ್ನೊಂದೆಡೆ. ದೀಕ್ಷಾಸ್ನಾನ ಪಡೆದ ಮೂರ್ತೆದಾರ ಒಂದೇ ದಿನದಲ್ಲಿ ಎಷ್ಟನ್ನು ಕಳೆದುಕೊಳ್ಳುತ್ತಿದ್ದ? ಕುಲದವರು ದೂರವಾದರು. ಹೆಣ್ಣು ಕೊಟ್ಟು ತರುವ ಮನೆಗಳು ಮುಚ್ಚಿದವು. ಒಕ್ಕಲು ಕುಳಿತ ಜಾಗ ಧಣಿಯ ಮನಸ್ಸಿನ ಮೇಲೆ ನಿಂತಿತ್ತು. ಮೇಲಿಂದ ಕಸುಬೂ ಹೋಯಿತು. ಮತಾಂತರವಾದವನ ಆಸ್ತಿಯ ಹಕ್ಕನ್ನು ಉಳಿಸಲು ಸರಕಾರ 1850ರಲ್ಲಿ ಕಾನೂನು ಮಾಡಿತು ನಿಜ. ಆಸ್ತಿಯೇ ಇಲ್ಲದವನಿಗೆ ಆ ಕಾನೂನು ಏನನ್ನು ಉಳಿಸಿಕೊಡಬಲ್ಲದು?

ಇಲ್ಲಿಯೇ ಪ್ರೀತಿ ಮತ್ತು ಧರ್ಮಶಾಸ್ತ್ರದ ಸಂಬಂಧ ಪುಸ್ತಕದ ಪ್ರಶ್ನೆಯಾಗಿ ಉಳಿಯದೆ ಅನ್ನದ ಪ್ರಶ್ನೆಯಾಯಿತು. ಮಿಶನ್ನಿನ ಮುಂದೆ ಮೂರು ದಾರಿಗಳಿದ್ದವು. ನಿಯಮವನ್ನು ಸಡಿಲಿಸಿ ಕಳ್ಳು ಇಳಿಸಲು ಬಿಡಬಹುದಿತ್ತು. ನಿಯಮವನ್ನು ಹೇಳಿ, ಮಿಕ್ಕದ್ದು ದೇವರ ಚಿತ್ತ ಎಂದು ಕೈತೊಳೆದುಕೊಳ್ಳಬಹುದಿತ್ತು. ಅಥವಾ ನಿಯಮವನ್ನು ಉಳಿಸಿಕೊಂಡು ಅದರ ಬೆಲೆಯಲ್ಲಿ ತಾನೂ ಪಾಲು ಹೊರಬಹುದಿತ್ತು. ಮಿಶನ್ ಮೂರನೆಯದನ್ನು ಆರಿಸಿತು.

ಹಂಚು, ಮಗ್ಗ, ಅಚ್ಚುಮೊಳೆ

ಈ ಆಯ್ಕೆ ಒಂದೇ ದಿನದಲ್ಲಿ ಫಲ ಕೊಡಲಿಲ್ಲ. ಬೇಸಾಯ ಮಾಡಿಸಿ ನೋಡಿದರು, ಗಡಿಯಾರ ರಿಪೇರಿ ಕಲಿಸಿ ನೋಡಿದರು. ಕಲೆಕ್ಟರ್ ಬ್ಲೇರ್ 1840ರಲ್ಲಿ ನೀಡಿದ ಬಲ್ಮಠದ ಗುಡ್ಡದಲ್ಲಿ ಶಾಲೆ ಮತ್ತು ಕಾರ್ಯಾಗಾರಗಳು ಬೆಳೆದವು. 1841ರಲ್ಲಿ ಮುದ್ರಣಾಲಯ ಬಂತು. ಮಗ್ಗಗಳು ಬಂದವು. ನೇಯ್ಗೆ ಬಲ್ಲ ಜಾನ್ ಹಾಲರ್ ಬಂದ ಮೇಲೆ ಬಲ್ಮಠದ ಬಟ್ಟೆಗೆ ಹೆಸರಾಯಿತು. ಖಾಕಿ ಬಣ್ಣದ ಚರಿತ್ರೆಯಲ್ಲಿ ಹಾಲರ್ ಹೆಸರು ಇಂದಿಗೂ ಕೇಳಿಬರುತ್ತದೆ. ಕೊನೆಗೆ ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್‌ಸ್ಟ್ ನದಿಯ ದಡದ ಜೇಡಿಮಣ್ಣಿನ ಗುಣವನ್ನು ಗುರುತಿಸಿದರು. 1865ರಲ್ಲಿ ಜೆಪ್ಪುವಿನಲ್ಲಿ ನೇತ್ರಾವತಿಯ ಬದಿಯಲ್ಲಿ ಹಂಚಿನ ಕಾರ್ಖಾನೆ ಆರಂಭವಾಯಿತು. 1882ರಲ್ಲಿ ಕುದ್ರೋಳಿಯಲ್ಲಿ, 1886ರಲ್ಲಿ ಮಲ್ಪೆಯಲ್ಲಿ ಮತ್ತೆರಡು ತೆರೆದವು. ಕೇರಳದ ಕಡೆಗೂ ಹಬ್ಬಿದವು. 'ಮಂಗಳೂರು ಹಂಚು' ಸಮುದ್ರ ದಾಟಿ ಹೋಯಿತು.

ಮಿಶನ್ ಕಾರ್ಖಾನೆ ನಡೆಸಬೇಕೇ ಎಂಬ ಚರ್ಚೆ ಅದರ ಒಳಗೇ ಜೋರಾಗಿ ನಡೆದಿತ್ತು. ಸಂಬಳದ ಆಸೆಗೆ ಜನ ಸಭೆ ಸೇರಿಯಾರು ಎಂಬ ಭಯ ಕೆಲವರಿಗಿತ್ತು. ಅದು ಸುಳ್ಳು ಭಯವಲ್ಲ. ಆದರೆ ಕಸುಬು ಬಿಡಿಸಿದವರೇ ಬದಲಿ ಕಸುಬು ಕೊಡಲು ಹಿಂಜರಿದರೆ ಅವರ ಉಪದೇಶಕ್ಕೆ ಬೆಲೆ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಅದಕ್ಕಿಂತ ಭಾರವಾದುದಾಗಿತ್ತು.

ಇದನ್ನು ಬರೇ ಹೊಗಳಿಕೆಯ ಕಥೆಯಾಗಿ ಮಾಡುವುದು ಸರಿಯಲ್ಲ. ಉಪದೇಶಿಸುವ ಸಭೆಯೂ ಸಂಬಳ ಕೊಡುವ ಕಾರ್ಖಾನೆಯೂ ಒಂದೇ ಆಡಳಿತದ ಕೈಯಲ್ಲಿದ್ದಾಗ ಆಳಿನ ಮನಸ್ಸಿನ ಸ್ವಾತಂತ್ರ್ಯ ಎಷ್ಟು ಉಳಿದೀತು? ಗದ್ದೆ, ಮರ, ಮಳೆಗಾಲದ ಲೆಕ್ಕದಲ್ಲಿ ಬದುಕಿದವನು ಗಂಟೆಯ ಸದ್ದಿಗೆ ಏಳಬೇಕಾಯಿತು. ಧಣಿಯ ಒಕ್ಕಲುತನ ತಪ್ಪಿ ಕಾರ್ಖಾನೆಯ ಒಕ್ಕಲುತನ ಬಂತೆಂದು ಯಾರಾದರೂ ಹೇಳಿದರೆ ಅದರಲ್ಲಿ ಅರ್ಧ ಸತ್ಯವಿದೆ. ಇನ್ನರ್ಧ ಸತ್ಯವೇನೆಂದರೆ, ಅವನ ಮಕ್ಕಳು ಶಾಲೆಗೆ ಹೋದರು. ಜಾತಿ ಕೇಳದ ಕೆಲಸವೊಂದು ಊರಿನಲ್ಲಿ ಹುಟ್ಟಿತು. ಮುಂದೆ ಆ ಕಾರ್ಖಾನೆಗಳಲ್ಲಿ ಕ್ರೈಸ್ತರಲ್ಲದವರೂ ದುಡಿದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟರು. ಉದ್ಯಮಗಳು ಮಿಶನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಆದರೆ ಹಂಚಿನ ಕಸುಬು ಊರಿನಲ್ಲಿ ಉಳಿಯಿತು.

ಉತ್ತರ ಸಿಗದ ಪ್ರಶ್ನೆ

ಎಲ್ಲ ಪ್ರಶ್ನೆಗಳಿಗೂ ಕಾರ್ಖಾನೆ ಕಟ್ಟಿ ಉತ್ತರ ಕೊಡಲಾಗುವುದಿಲ್ಲ. 1844ರ ಜನವರಿ 6ರಂದು ಮೊಗ್ಲಿಂಗ್ ಅವರ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದರು. ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ. ಊರಿನಲ್ಲಿ ದೊಡ್ಡ ಗದ್ದಲವಾಯಿತು. ಅವರು 1846ರಲ್ಲಿ ಬಾಸೆಲ್‌ಗೆ ಹೋಗಿ ಕಲಿತು, 1851ರಲ್ಲಿ ಪಾದ್ರಿಯಾಗಿ ಹಿಂದಿರುಗಿದರು. ಬಲ್ಮಠದ ಸೆಮಿನರಿಯಲ್ಲಿ ಬೋಧಿಸಿದರು. ಕೊಡಗಿನಲ್ಲಿ ದಲಿತ ಕ್ರೈಸ್ತರ ನೆಲೆಗಾಗಿ ನೆರವಾದರು. ಆನಂದಪುರ ಅವರ ಹೆಸರನ್ನೇ ಹೊತ್ತಿದೆ.

ಆದರೆ ದೀಕ್ಷೆಯ ಹೊತ್ತಿಗಾಗಲೇ ಅವರಿಗೆ ಮದುವೆಯಾಗಿತ್ತು. ಪತ್ನಿ ಅವರ ಜೊತೆ ಬರಲಿಲ್ಲ. ವರ್ಷಗಳು ಕಳೆದವು. ಹಿಂದೂ ಶಾಸ್ತ್ರದ ಪ್ರಕಾರ ಆ ಮದುವೆ ಮುರಿಯಲಾಗದ್ದು. ವಿಶ್ವಾಸವಿಲ್ಲದ ಸಂಗಾತಿ ತಾನಾಗಿ ಅಗಲಿದರೆ ವಿಶ್ವಾಸಿಯು ಬಂಧನದಲ್ಲಿಲ್ಲ ಎಂದು ಪೌಲನ ಪತ್ರ ಹೇಳುತ್ತದೆ. 1860ರಲ್ಲಿ ಕೌಂಡಿನ್ಯರು ಜರ್ಮನಿಯ ಮೇರಿ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಇಂಥ ಪ್ರಕರಣಗಳಿಗಾಗಿ ಸರಕಾರ 1866ರಲ್ಲಿ ಮತಾಂತರಿತರ ವಿವಾಹ ವಿಚ್ಛೇದನ ಕಾಯಿದೆಯನ್ನು ತಂದಿತು. ಮತಾಂತರದ ಕಾರಣಕ್ಕೆ ಸಂಗಾತಿ ದೂರವಾದರೆ, ವಿಚಾರಣೆ ಮತ್ತು ಕಾಯುವಿಕೆಯ ಬಳಿಕ ಮದುವೆ ಬಿಡಿಸಿಕೊಳ್ಳಲು ಅದು ಅವಕಾಶ ನೀಡಿತು. ಇಬ್ಬರೂ ಮತ್ತೆ ಮದುವೆಯಾಗಬಹುದೆಂದೂ ಹೇಳಿತು.

ಕಾಗದದ ಮೇಲೆ ಇದು ನ್ಯಾಯವೇ. ಆದರೆ ಅಂದಿನ ಮೇಲ್ಜಾತಿಯ ಮನೆಯಲ್ಲಿ ಎಳೆಯ ವಯಸ್ಸಿನಲ್ಲೇ ಮದುವೆಯಾಗಿ, ಗಂಡ ಬದುಕಿದ್ದೂ ಇಲ್ಲದಂತಾದ ಹೆಣ್ಣಿಗೆ ಎರಡನೆಯ ಮದುವೆ ಯಾರೂ ಬಾಯಿಬಿಟ್ಟು ಆಡದ ಮಾತಾಗಿತ್ತು. ಅವಳು ತನ್ನ ಮನೆಯ ಧರ್ಮಕ್ಕೆ ನಿಷ್ಠಳಾಗಿ ಉಳಿದವಳು. ಗಂಡನೂ ತಾನು ಸತ್ಯವೆಂದು ಕಂಡದ್ದಕ್ಕೆ ನಿಷ್ಠನಾದವನು. ತಪ್ಪು ಯಾರದೆಂದು ಬೆರಳು ತೋರಿಸುವುದು ಕಷ್ಟ. ಶಾಸ್ತ್ರ, ಸಭೆ, ಸರಕಾರ ಮೂರೂ ತಮ್ಮ ತಮ್ಮ ಕಾನೂನನ್ನು ಹೇಳಿದವು. ಅವಳ ಮುಂದಿನ ದಿನಗಳ ಹೊಣೆಯನ್ನು ಮಾತ್ರ ಆ ಮೂರೂ ಅವಳ ತವರಿಗೇ ಬಿಟ್ಟವು. ಮೂರ್ತೆದಾರನ ವಿಷಯದಲ್ಲಿ ದಾರಿ ಕಂಡುಕೊಂಡ ಪ್ರೀತಿಗೆ ಇಲ್ಲಿ ದಾರಿ ಕಾಣಲಿಲ್ಲ.

ನಮಗೇನು ಪಾಠ?

ಇದೇ ಪ್ರಶ್ನೆ ನಮ್ಮ ಊರಿನಲ್ಲಿ ಕ್ರೈಸ್ತರಿಗೆ ಮಾತ್ರ ಎದುರಾದದ್ದಲ್ಲ. ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥ ದೇವಾಲಯವನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು ತಮ್ಮನ್ನು ನಂಬಿದ ಸಮುದಾಯಕ್ಕೆ ಮದ್ಯ ತಯಾರಿಸಬೇಡಿ, ಮಾರಬೇಡಿ, ಕುಡಿಯಬೇಡಿ ಎಂದರು. ಜೊತೆಗೆ ವಿದ್ಯೆಯನ್ನೂ ಸಂಘಟನೆಯನ್ನೂ ಉದ್ಯಮವನ್ನೂ ಒತ್ತಿ ಹೇಳಿದರು. ಬಿಡಿಸುವ ಮಾತಿನ ಜೊತೆ ಕಟ್ಟುವ ಮಾತೂ ಇರಬೇಕೆಂದು ಅವರೂ ಅರಿತಿದ್ದರು.

ಇಸ್ಲಾಮಿನ ಆರಂಭದ ಇತಿಹಾಸವೂ ಇದನ್ನೇ ಹೇಳುತ್ತದೆ. ಮದ್ಯದ ನಿಷೇಧ ಒಮ್ಮೆಗೇ ಬರಲಿಲ್ಲ, ಹಂತ ಹಂತವಾಗಿ ಬಂತು. ವಿಶ್ವಾಸಕ್ಕಾಗಿ ಮಕ್ಕಾದಲ್ಲಿ ಮನೆಮಠ ಬಿಟ್ಟು ಬಂದ ಮುಹಾಜಿರರನ್ನು ಪ್ರವಾದಿ(ಸ) ಮದೀನಾದ ಅನ್ಸಾರರೊಂದಿಗೆ ಸಹೋದರರಾಗಿ ಬೆಸೆದರು. ಸಅದ್ ಬಿನ್ ರಬೀಅ್(ರ) ತನ್ನ ಸೊತ್ತಿನ ಅರ್ಧವನ್ನು ಕೊಡಲು ಮುಂದಾದಾಗ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಿಗಾಗಿ ಪ್ರಾರ್ಥಿಸಿ, ಪೇಟೆಯ ದಾರಿ ತೋರಿಸಿದರೆ ಸಾಕು ಎಂದರು. ಕೊಡುವವನ ಪ್ರೀತಿಯೂ ಪಡೆಯುವವನ ಸ್ವಾಭಿಮಾನವೂ ಅಲ್ಲಿ ಕೂಡಿದ್ದವು. ಬರಗಾಲದ ವರ್ಷದಲ್ಲಿ ಹಸಿದು ಕದ್ದವನ ಕೈ ಕತ್ತರಿಸಲು ಖಲೀಫಾ ಉಮರ್(ರ) ಒಪ್ಪಲಿಲ್ಲ. ಅನ್ನ ಕೊಡಲಾಗದ ಸಮಾಜಕ್ಕೆ ಆ ಶಿಕ್ಷೆ ಕೊಡುವ ಹಕ್ಕಿಲ್ಲ ಎಂಬ ತಿಳುವಳಿಕೆ ಅದರ ಹಿಂದಿದೆ.

ಹೀಗಿರುವಾಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಯಾರ ಧರ್ಮದಲ್ಲಿ ಪ್ರೀತಿ ಹೆಚ್ಚು, ಯಾರಲ್ಲಿ ಕಾನೂನು ಹೆಚ್ಚು ಎಂಬುದಲ್ಲ. ಬಡ್ಡಿ ಹರಾಮ್ ಎಂದು ನಾವು ಮಿಂಬರಿನಿಂದ ಹೇಳುತ್ತೇವೆ. ಮಗಳ ಆಸ್ಪತ್ರೆ ಖರ್ಚಿಗೆ ಬಡ್ಡಿಗೆ ಸಾಲ ಎತ್ತಿದವನಿಗೆ ಬಡ್ಡಿರಹಿತ ಸಾಲ ಕೊಡುವ ನಿಧಿ ಎಷ್ಟು ಜಮಾಅತ್‌ಗಳಲ್ಲಿದೆ? ವರದಕ್ಷಿಣೆ ತಪ್ಪು ಎನ್ನುತ್ತೇವೆ. ವರದಕ್ಷಿಣೆ ಕೊಡಲೊಪ್ಪದ ತಂದೆಯ ಮಗಳಿಗೆ ಗಂಡು ಹುಡುಕುವ ಹೊಣೆಯನ್ನು ಹಾಗೆಂದವರಲ್ಲಿ ಎಷ್ಟು ಮಂದಿ ಹೊತ್ತಿದ್ದಾರೆ? ತಲಾಕಿನ ನಿಯಮಗಳನ್ನು ಗಂಟೆಗಟ್ಟಲೆ ವಿವರಿಸುತ್ತೇವೆ. ತಲಾಕ್ ಆದವಳ ಮರುದಿನದ ಅಡುಗೆಮನೆಯಲ್ಲಿ ಏನಿದೆ ಎಂದು ಯಾರು ನೋಡುತ್ತಾರೆ?

ದೇವರ ಆಜ್ಞೆಯನ್ನು ಸಡಿಲಿಸಬೇಕೆಂದು ನಾವು ಹೇಳುತ್ತಿಲ್ಲ. ಬಾಸೆಲ್ ಮಿಶನ್ ಕೂಡಾ ಸಡಿಲಿಸಲಿಲ್ಲ. ಆಜ್ಞೆಯನ್ನು ಹೇಳುವವನು ಅದರ ಭಾರವನ್ನು ಕೇಳುವವನೊಬ್ಬನ ಹೆಗಲ ಮೇಲೆಯೇ ಹಾಕಿ ನಡೆದುಬಿಡಬಾರದು ಎಂಬುದಷ್ಟೇ ನಮ್ಮ ಮಾತು. ಪ್ರತಿ ಶುಕ್ರವಾರ ಮಸೀದಿಯಲ್ಲಿ, ಪ್ರತಿ ಭಾನುವಾರ ಇಗರ್ಜಿಯಲ್ಲಿ ಏನನ್ನಾದರೂ ಬಿಡಿ ಎಂದು ಜನರಿಗೆ ಹೇಳುವ ಮೊದಲು, ಬಿಟ್ಟವನಿಗೆ ನಾವು ಏನು ಕೊಡಬಲ್ಲೆವು ಎಂಬ ಲೆಕ್ಕವನ್ನೂ ಮಾಡಿಕೊಂಡರೆ ಆ ಉಪದೇಶಕ್ಕೆ ತೂಕ ಬರುತ್ತದೆ.